ಬಂಡೆಯ ಪಕ್ಕದ ನೀರು ಶಾಂತವಾಗಿ ಕಾಣುವುದೇಕೆ? ಸರ್ಫಿಂಗ್ ಮಾಡುವವರಿಗೆ ಗೊತ್ತು, ಪ್ರವಾಸಿಗರಿಗೆ ಗೊತ್ತಿಲ್ಲ

ರಜೆ ಹತ್ತಿರ ಬಂದರೆ ಸಾಕು, ವಾಟ್ಸ್ಆ್ಯಪ್ ಗುಂಪುಗಳಲ್ಲಿ ಒಂದೇ ಬಗೆಯ ವಿಡಿಯೋಗಳು ಓಡಾಡತೊಡಗುತ್ತವೆ. ಗುಡ್ಡದ ಮೇಲಿನಿಂದ ಡ್ರೋನ್ ತೆಗೆದ ಚಿತ್ರ. ಕಡಲಿನೊಳಗೆ ಚಾಚಿಕೊಂಡ ಕಪ್ಪು ಬಂಡೆ, ಅದರ ಮಗ್ಗುಲಲ್ಲಿ ಪುಟ್ಟ ಮರಳ ದಂಡೆ, ದೂರದಲ್ಲಿ ಹಲಗೆಯ ಮೇಲೆ ನಿಂತು ಅಲೆಯ ಬೆನ್ನಿನಲ್ಲಿ ಜಾರುತ್ತಿರುವ ಒಬ್ಬಿಬ್ಬರು. ಕೆಳಗೆ ಹೀಗೆ ಬರೆದಿರುತ್ತದೆ: ‘ಯಾರಿಗೂ ಗೊತ್ತಿಲ್ಲದ ಬೀಚ್. ಜನಜಂಗುಳಿ ಇಲ್ಲ, ನೀರು ಕೆರೆಯ ಹಾಗೆ ಶಾಂತ. ಮಕ್ಕಳನ್ನೂ ಕರೆದುಕೊಂಡು ಹೋಗಿ. ಎಲ್ಲರಿಗೂ ಕಳಿಸಿ.’

ಜನಜಂಗುಳಿ ಇಲ್ಲ ಎನ್ನುವುದು ನಿಜವಿರಬಹುದು. ಜಾಗ ಚಂದವಿದೆ ಎನ್ನುವುದರಲ್ಲೂ ಅನುಮಾನವಿಲ್ಲ. ನಮ್ಮ ತಕರಾರು ‘ಕೆರೆಯ ಹಾಗೆ ಶಾಂತ’ ಎಂಬ ಮಾತಿನ ಬಗ್ಗೆ ಮಾತ್ರ. ಅಂಥ ವಿಡಿಯೋವನ್ನು ಇನ್ನೊಮ್ಮೆ ನಿಧಾನವಾಗಿ ನೋಡಿ. ಬಂಡೆಗೆ ಒತ್ತಿಕೊಂಡಂತೆ ಒಂದು ಪಟ್ಟಿಯಲ್ಲಿ ನೀರು ನುಣ್ಣಗೆ, ಸ್ವಲ್ಪ ಕಡು ಬಣ್ಣದಲ್ಲಿ ಕಾಣುತ್ತದೆ. ಅಲ್ಲಿ ಅಲೆ ಒಡೆಯುವುದಿಲ್ಲ, ನೊರೆ ಏಳುವುದಿಲ್ಲ. ಪ್ರವಾಸಕ್ಕೆ ಬಂದ ಕುಟುಂಬ ನೀರಿಗಿಳಿಯಲು ಆರಿಸಿಕೊಳ್ಳುವುದು ಇದೇ ಪಟ್ಟಿಯನ್ನು. ಸರ್ಫಿಂಗ್ ಮಾಡುವವರೂ ಇದೇ ಪಟ್ಟಿಯಲ್ಲಿ ಇಳಿಯುತ್ತಾರೆ, ಆದರೆ ಬೇರೆ ಉದ್ದೇಶಕ್ಕೆ: ಹೆಚ್ಚು ಕೈ ಬೀಸದೆ ಬೇಗ ನಡುಗಡಲಿನತ್ತ ಹೋಗಲು. ಏಕೆಂದರೆ ಅಲ್ಲಿನ ನೀರು ನಿಂತಿಲ್ಲ, ದಡದಿಂದ ಆಚೆಗೆ ಹರಿಯುತ್ತಿದೆ.

ಒಂದೇ ನೀರು ಇಬ್ಬರಿಗೆ ಎರಡು ಥರ ಕಾಣುವುದು ಹೇಗೆ ಎಂದು ತಿಳಿಯಬೇಕಾದರೆ, ಅಲೆ ಎಲ್ಲಿಂದ ಬರುತ್ತದೆ ಮತ್ತು ಕಡಲಿಗೆ ಚಾಚಿದ ಗುಡ್ಡದ ಬಳಿ (ಭೂಗೋಳದ ಪುಸ್ತಕದಲ್ಲಿ ನಾವು ಓದಿದ ‘ಭೂಶಿರ’ ಇದೇ) ಅದಕ್ಕೆ ಏನಾಗುತ್ತದೆ ಎಂದು ನೋಡಬೇಕು.

ಅಲೆ ಬರುತ್ತದೆ, ನೀರು ಬರುವುದಿಲ್ಲ

ಗಾಳಿಯೇ ಇಲ್ಲದ ದಿನವೂ ನಮ್ಮ ಕರಾವಳಿಯಲ್ಲಿ ಅಲೆ ಏಳುವುದನ್ನು ನೀವು ನೋಡಿರಬಹುದು. ಆ ಅಲೆಗಳನ್ನು ಎಬ್ಬಿಸಿದ ಗಾಳಿ ಬೇರೆಲ್ಲೋ ಬೀಸಿರುತ್ತದೆ. ಹಿಂದೂ ಮಹಾಸಾಗರದ ದಕ್ಷಿಣ ತುದಿಯಲ್ಲಿ, ಅಂಟಾರ್ಕ್ಟಿಕಾದತ್ತ ಹೋಗುವ ದಾರಿಯಲ್ಲಿ, ವರ್ಷವಿಡೀ ಬಿರುಗಾಳಿಗಳು ಏಳುತ್ತಿರುತ್ತವೆ. ಅಲ್ಲಿ ಹುಟ್ಟಿದ ಉದ್ದನೆಯ ಅಲೆಗಳು 6,000 ಕಿಲೋಮೀಟರಿಗೂ ಹೆಚ್ಚು ದೂರ ಸಾಗಿ ನಮ್ಮ ದಡ ಮುಟ್ಟುತ್ತವೆ. 14 ಸೆಕೆಂಡಿಗೊಂದರಂತೆ ಬರುವ ಅಲೆಗಳ ಗುಂಪು ಆಳ ಸಮುದ್ರದಲ್ಲಿ ಗಂಟೆಗೆ ಸುಮಾರು 40 ಕಿಲೋಮೀಟರ್ ವೇಗದಲ್ಲಿ ಸಾಗುತ್ತದೆ. ಲೆಕ್ಕ ಹಾಕಿದರೆ ಇಲ್ಲಿಗೆ ತಲುಪಲು ಹೆಚ್ಚುಕಡಿಮೆ ಒಂದು ವಾರ. ಇಂದು ನಿಮ್ಮ ಪಾದ ತೋಯಿಸಿದ ಅಲೆ ಕಳೆದ ವಾರದ ಯಾವುದೋ ಬಿರುಗಾಳಿಯ ಸುದ್ದಿ ಹೊತ್ತು ಬಂದಿದೆ.

ಆದರೆ ಅಲ್ಲಿನ ನೀರನ್ನು ಅದು ಹೊತ್ತು ತಂದಿಲ್ಲ. ಭತ್ತದ ಗದ್ದೆಯ ಮೇಲೆ ಗಾಳಿ ಬೀಸಿದಾಗ ಪೈರಿನ ಮೇಲೆ ಅಲೆ ಓಡುತ್ತದೆ, ಪೈರು ಬೇರು ಬಿಟ್ಟ ಜಾಗದಲ್ಲೇ ಇರುತ್ತದೆ. ಆಳವಾದ ನೀರಿನಲ್ಲೂ ಹಾಗೆಯೇ. ತೇಲುತ್ತಿರುವ ತೆಂಗಿನಕಾಯಿಯ ಕೆಳಗೆ ಅಲೆ ಹಾದುಹೋದರೆ, ಕಾಯಿ ಮೇಲೆದ್ದು, ಕೊಂಚ ಮುಂದೆ ಹೋಗಿ, ಕೆಳಗಿಳಿದು, ಹಿಂದೆ ಬಂದು ಬಹುತೇಕ ಮೊದಲಿನ ಜಾಗಕ್ಕೇ ಸೇರುತ್ತದೆ.

ದಡ ಸಮೀಪಿಸಿದಾಗ ಕತೆ ಬದಲಾಗುತ್ತದೆ. ಆಳ ಕಡಿಮೆಯಾದಂತೆ ಅಲೆಯ ವೇಗ ಕುಗ್ಗುತ್ತದೆ, ಎತ್ತರ ಹೆಚ್ಚುತ್ತದೆ. ನೀರಿನ ಆಳ ಅಲೆಯ ಎತ್ತರಕ್ಕಿಂತ ಸ್ವಲ್ಪವೇ ಹೆಚ್ಚು, ಸುಮಾರು 1.3 ಪಟ್ಟು, ಎನ್ನುವಷ್ಟಕ್ಕೆ ಇಳಿದಾಗ ಅಲೆ ತಲೆಬಾಗಿ ಒಡೆಯುತ್ತದೆ. ಒಡೆದ ಮೇಲೆ ಮಾತ್ರ ಅದು ನಿಜವಾಗಿ ನೀರನ್ನು ದಡಕ್ಕೆ ತಳ್ಳುತ್ತದೆ. ಹೀಗೆ ತಳ್ಳಿಸಿಕೊಂಡು ಬಂದ ನೀರು ವಾಪಸು ಹೋಗಲೇಬೇಕಲ್ಲ? ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಗುಡ್ಡಕ್ಕೆ ಅಲೆ ಸುತ್ತಿಕೊಳ್ಳುವುದು ಹೇಗೆ

ಎತ್ತಿನ ಗಾಡಿಯ ಒಂದು ಚಕ್ರ ಕೆಸರಿಗೆ ಇಳಿದು ಇನ್ನೊಂದು ಗಟ್ಟಿ ನೆಲದಲ್ಲೇ ಇದ್ದರೆ ಗಾಡಿ ಕೆಸರಿನ ಕಡೆಗೆ ತಿರುಗುತ್ತದೆ. ಅಲೆಯೂ ಅಷ್ಟೆ. 10 ಮೀಟರ್ ಆಳವಿರುವಲ್ಲಿ ಅದು ಸೆಕೆಂಡಿಗೆ ಸುಮಾರು 10 ಮೀಟರ್ ಓಡುತ್ತದೆ. ಎರಡೂವರೆ ಮೀಟರ್ ಆಳದಲ್ಲಿ ವೇಗ ಅದರ ಅರ್ಧಕ್ಕೆ ಇಳಿಯುತ್ತದೆ. ಭೂಶಿರದ ಮುಂದೆ ಸಾಮಾನ್ಯವಾಗಿ ಆಳ ಕಡಿಮೆ, ಪಕ್ಕದ ಕೊಲ್ಲಿಯಲ್ಲಿ ಹೆಚ್ಚು. ಆದ್ದರಿಂದ ಗುಡ್ಡದ ಎದುರಿನ ಅಲೆಯ ಭಾಗ ನಿಧಾನವಾಗುತ್ತದೆ, ಕೊಲ್ಲಿಯತ್ತಣ ಭಾಗ ಮುಂದೆ ಓಡುತ್ತದೆ. ಇಡೀ ಅಲೆ ಬಾಗಿ ಗುಡ್ಡವನ್ನು ಅಪ್ಪಿಕೊಳ್ಳುವಂತೆ ಸುತ್ತುತ್ತದೆ.

ಇದರಿಂದ ಎರಡು ಪರಿಣಾಮ. ಅಲೆಯ ಶಕ್ತಿ ಭೂಶಿರದ ಮೂತಿಯ ಮೇಲೆ ಒಟ್ಟುಗೂಡುತ್ತದೆ, ಕೊಲ್ಲಿಯೊಳಗೆ ಹರಡಿ ತೆಳುವಾಗುತ್ತದೆ. ಬಂಡೆಯ ತುದಿಯಲ್ಲಿ ಸೆಲ್ಫಿಗೆ ನಿಂತವರನ್ನು ಅಲೆ ಎಳೆದುಕೊಂಡ ಸುದ್ದಿ ಆಗಾಗ ಬರುವುದಕ್ಕೆ ಇದೂ ಒಂದು ಕಾರಣ. ಇಡೀ ಕರಾವಳಿಯಲ್ಲಿ ಅಲೆ ಅತಿ ಹೆಚ್ಚು ಬಲದಿಂದ ಬಡಿಯುವ ಜಾಗವನ್ನೇ ನಾವು ಫೋಟೋಕ್ಕೆ ಹುಡುಕಿಕೊಂಡು ಹೋಗುತ್ತೇವೆ.

ಇನ್ನೊಂದು ಪರಿಣಾಮ ಸರ್ಫರ್‌ಗಳಿಗೆ ಬೇಕಾದದ್ದು. ನೇರವಾದ ಮರಳ ದಂಡೆಗೆ ನೇರವಾಗಿ ಬಂದ ಅಲೆ ಹಲವು ಸಲ ಉದ್ದಕ್ಕೂ ಒಟ್ಟಿಗೇ ಕುಸಿಯುತ್ತದೆ. ಅದರ ಮೇಲೆ ನಿಂತವನು ಎರಡು ಮೂರು ಸೆಕೆಂಡಿನಲ್ಲಿ ನೊರೆಯಲ್ಲಿ ಮುಳುಗುತ್ತಾನೆ. ಗುಡ್ಡವನ್ನು ಸುತ್ತಿ ಬರುವ ಅಲೆ ಹಾಗಲ್ಲ. ಬಂಡೆಯ ಬಳಿ ಒಡೆಯಲು ಶುರುವಾಗಿ, ಬಾಳೆಹಣ್ಣಿನ ಸಿಪ್ಪೆ ಸುಲಿದಂತೆ ಒಂದು ತುದಿಯಿಂದ ಇನ್ನೊಂದು ತುದಿಗೆ ಸಾಲಾಗಿ ಒಡೆಯುತ್ತ ಹೋಗುತ್ತದೆ. ಒಡೆಯುತ್ತಿರುವ ಅಂಚಿಗಿಂತ ಒಂದು ಹೆಜ್ಜೆ ಮುಂದೆ, ಇನ್ನೂ ಒಡೆಯದ ಇಳಿಜಾರಿನಲ್ಲಿ ಹಲಗೆ ಜಾರಿಸಿಕೊಂಡು ಹೋಗುವುದೇ ಸರ್ಫಿಂಗ್. ಇಂಥ ಜಾಗಕ್ಕೆ ‘ಪಾಯಿಂಟ್ ಬ್ರೇಕ್’ ಎನ್ನುತ್ತಾರೆ. ದಕ್ಷಿಣ ಆಫ್ರಿಕಾದ ಜೆಫ್ರೀಸ್ ಬೇ, ಅಮೆರಿಕದ ಕ್ಯಾಲಿಫೋರ್ನಿಯಾದ ರಿಂಕಾನ್, ನ್ಯೂಜಿಲೆಂಡಿನ ರಾಗ್ಲನ್ ಇದಕ್ಕೇ ಹೆಸರಾದವು.

ಜನ ಕಡಿಮೆ ಇರುವ ಜಾಗವನ್ನು ಸರ್ಫರ್‌ಗಳು ಇಷ್ಟು ಹುಡುಕುವುದಕ್ಕೂ ಕಾರಣ ಅಲೆಯಲ್ಲೇ ಇದೆ. ಸಾಲಾಗಿ ಒಡೆಯುವ ಅಲೆಯ ಮೇಲೆ ಒಂದು ಸಲಕ್ಕೆ ಒಬ್ಬರಿಗೆ ಮಾತ್ರ ಜಾಗ. ಅಲೆ ಒಡೆಯಲು ಶುರುವಾಗುವ ಬಿಂದುವಿಗೆ ಯಾರು ಹತ್ತಿರ ಇದ್ದಾರೋ ಆ ಅಲೆ ಅವರದು, ಉಳಿದವರು ಬಿಟ್ಟುಕೊಡಬೇಕು ಎಂಬುದು ಜಗತ್ತಿನೆಲ್ಲೆಡೆ ನಡೆದುಬಂದಿರುವ ನಿಯಮ. ಒಳ್ಳೆಯ ಅಲೆಗಳು ಹತ್ತೇ ಬಂದು, ಕಾಯುವವರು ಐವತ್ತು ಜನ ಇದ್ದರೆ ಜಗಳವಾಗದೆ ಇರುತ್ತದೆಯೇ? ಹಾಗಾಗಿ ಒಳ್ಳೆಯ ಜಾಗ ಸಿಕ್ಕರೆ ಹಳೆಯ ಸರ್ಫರ್‌ಗಳು ಊರಿನ ಹೆಸರು ಹೇಳುವುದಿಲ್ಲ.

ಹೇಳಿದರೆ ಏನಾಗುತ್ತದೆ ಎನ್ನುವುದಕ್ಕೆ 1966ರಲ್ಲಿ ದೊಡ್ಡ ಮಟ್ಟದಲ್ಲಿ ತೆರೆಕಂಡ ‘ದಿ ಎಂಡ್‌ಲೆಸ್ ಸಮ್ಮರ್’ ಎಂಬ ಸಾಕ್ಷ್ಯಚಿತ್ರವೇ ಉದಾಹರಣೆ. ಬ್ರೂಸ್ ಬ್ರೌನ್ ತೆಗೆದ ಈ ಚಿತ್ರದಲ್ಲಿ ಇಬ್ಬರು ಯುವಕರು ದಕ್ಷಿಣ ಆಫ್ರಿಕಾದ ಕೇಪ್ ಸೇಂಟ್ ಫ್ರಾನ್ಸಿಸ್‌ನಲ್ಲಿ ಮರಳ ದಿಬ್ಬಗಳನ್ನು ದಾಟಿ ನಿರ್ಜನ ಭೂಶಿರವೊಂದಕ್ಕೆ ಬರುತ್ತಾರೆ. ಅಲ್ಲಿ ಯಂತ್ರದಲ್ಲಿ ಎರಕ ಹೊಯ್ದಂಥ ಅಲೆಗಳು ಒಂದರ ಹಿಂದೊಂದು ಬರುತ್ತಿರುತ್ತವೆ. ನೋಡಿದ ಜಗತ್ತಿನ ಸರ್ಫರ್‌ಗಳೆಲ್ಲ ಅತ್ತ ಹೊರಟರು. ಹೋದವರಿಗೆ ತಿಳಿದದ್ದೇನೆಂದರೆ, ಆ ಜಾಗದಲ್ಲಿ ಅಂಥ ಅಲೆಗಳು ಏಳುವುದು ಅಪರೂಪ, ಸಿನಿಮಾದವರಿಗೆ ಸಿಕ್ಕಿದ್ದು ಒಂದು ಭಾಗ್ಯದ ದಿನ. ಆಮೇಲೆ ಅಲ್ಲಿ ಮನೆಗಳೆದ್ದವು. ಮರಳ ದಿಬ್ಬಗಳು ಸರಿದಾಡದಂತೆ ಕಟ್ಟಿಹಾಕಿದ್ದರಿಂದ ಕಡಲಿಗೆ ಮರಳು ಸೇರುವುದು ಕಡಿಮೆಯಾಗಿ ಅಲೆಯ ಸ್ವರೂಪವೇ ಬದಲಾಯಿತು. ಒಂದು ದಿನದ ಚಿತ್ರ ನೋಡಿ ಜಾಗದ ಗುಣ ನಿರ್ಧರಿಸುವ ಚಾಳಿ ರೀಲ್ಸ್‌ಗಿಂತ ಹಳೆಯದು.

ಹೋದ ನೀರು ಬರುವ ದಾರಿ

ಈಗ ಆಗ ನೆನಪಿಟ್ಟುಕೊಳ್ಳಿ ಎಂದ ಮಾತಿಗೆ ಬರೋಣ. ಒಡೆದ ಅಲೆಗಳು ದಡಕ್ಕೆ ತಳ್ಳಿದ ನೀರು ವಾಪಸಾಗಲು ಸುಲಭದ ದಾರಿ ಹುಡುಕುತ್ತದೆ. ಮಳೆ ನೀರು ಅಂಗಳದಲ್ಲಿ ಎಲ್ಲ ಕಡೆ ಹರಡಿದ್ದರೂ ಹೊರಗೆ ಹೋಗುವುದು ಒಂದು ಕಾಲುವೆಯಲ್ಲಿ ತಾನೆ, ಹಾಗೆ. ಈ ಕಿರಿದಾದ, ದಡದಿಂದ ಕಡಲಿನತ್ತ ಹರಿಯುವ ಸೆಳೆತಕ್ಕೆ ‘ರಿಪ್ ಕರೆಂಟ್’ ಎಂದು ಹೆಸರು.

ಬಯಲು ಮರಳ ದಂಡೆಯಲ್ಲಿ ಈ ಕಾಲುವೆ ಇವತ್ತು ಇಲ್ಲಿದ್ದರೆ ಮುಂದಿನ ತಿಂಗಳು ಅಲ್ಲಿ. ಮರಳು ಸರಿದಂತೆ ಅದೂ ಸರಿಯುತ್ತದೆ. ಬಂಡೆ ಸರಿಯುವುದಿಲ್ಲ, ಆದ್ದರಿಂದ ಅದರ ಪಕ್ಕದ ಸೆಳೆತವೂ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ. ಅಲೆ ಓರೆಯಾಗಿ ಬಂದಾಗ ದಡದ ಗುಂಟ ನೀರು ಹರಿಯುತ್ತದೆ. ದಾರಿಯಲ್ಲಿ ಬಂಡೆ ಎದುರಾದರೆ ಮುಂದೆ ಹೋಗಲು ಆಗದೆ ಕಡಲಿನತ್ತ ತಿರುಗುತ್ತದೆ. ಅಲೆಯಿಂದ ಮರೆಯಾದ ಇನ್ನೊಂದು ಮಗ್ಗುಲಲ್ಲೂ ನಿಶ್ಚಿಂತೆಯಿಲ್ಲ. ಹೊರಗೆ ದೊಡ್ಡ ಅಲೆಗಳು ನೀರನ್ನು ಹೆಚ್ಚು ಏರಿಸಿರುತ್ತವೆ, ಮರೆಯಲ್ಲಿ ನೀರಿನ ಮಟ್ಟ ಸ್ವಲ್ಪ ಕಡಿಮೆ ಇರುತ್ತದೆ. ಹೀಗಾಗಿ ನೀರು ಬಂಡೆಯತ್ತ ಹರಿದು ಬಂದು, ಅದರ ಗುಂಟ ಹೊರಗೆ ಹೋಗುತ್ತದೆ. ಮೀನುಗಾರಿಕೆ ಬಂದರುಗಳಲ್ಲಿ ಕಲ್ಲು ಪೇರಿಸಿ ಕಟ್ಟಿದ ತಡೆಗೋಡೆಗಳ ಪಕ್ಕದಲ್ಲೂ ಇದೇ ನಡೆಯಬಹುದು.

ದಿನವೂ ಹರಿದು ಹರಿದು ಆ ಜಾಗದ ಮರಳು ಕೊಚ್ಚಿಹೋಗಿ ಕಾಲುವೆ ಆಳವಾಗುತ್ತದೆ. ಆಳವಿದ್ದಲ್ಲಿ ಅಲೆ ಒಡೆಯುವುದಿಲ್ಲ ಎಂದು ಮೇಲೆ ಹೇಳಿದೆವು. ಅಲೆ ಒಡೆಯದಿದ್ದರೆ ನೊರೆ ಇಲ್ಲ, ಸದ್ದಿಲ್ಲ. ಆಳದಿಂದಾಗಿ ಬಣ್ಣವೂ ಕಡು. ದಡದಲ್ಲಿ ನಿಂತ ನಮ್ಮ ಕಣ್ಣಿಗೆ ಎರಡೂ ಕಡೆ ಬೆಳ್ಳಗೆ ಅಬ್ಬರಿಸುವ ಅಲೆ, ನಡುವೆ ತಣ್ಣಗಿನ ಒಂದು ಓಣಿ. ‘ಇಲ್ಲಿ ಇಳಿಯೋಣ ಬನ್ನಿ’ ಎಂದು ಅದೇ ಕರೆದಂತೆ ಕಾಣುತ್ತದೆ.

ಆಸ್ಟ್ರೇಲಿಯಾದ ಸಿಡ್ನಿಯಲ್ಲಿರುವ ಪ್ರಸಿದ್ಧ ಬಾಂಡೈ ಕಡಲತೀರದ ದಕ್ಷಿಣ ತುದಿಯಲ್ಲಿ, ಬಂಡೆಯ ಪಕ್ಕದಲ್ಲಿ, ಇಂಥದೊಂದು ಸೆಳೆತವಿದೆ. ಅದಕ್ಕೆ ಅಲ್ಲಿಯವರು ಇಟ್ಟ ಅಡ್ಡಹೆಸರು ‘ಬ್ಯಾಕ್‌ಪ್ಯಾಕರ್ಸ್ ಎಕ್ಸ್‌ಪ್ರೆಸ್’. ಬೆನ್ನಿಗೆ ಚೀಲ ಹಾಕಿಕೊಂಡು ಬಂದ ಪರದೇಶಿ ಪ್ರವಾಸಿಗರು ಬಸ್ಸಿನಿಂದ ಇಳಿದವರೇ ಹತ್ತಿರದ, ಶಾಂತವಾಗಿ ಕಾಣುವ ಆ ನೀರಿಗೆ ಇಳಿಯುತ್ತಾರೆ, ಸೆಳೆತ ಅವರನ್ನು ಹೊರಗೆ ಕೊಂಡೊಯ್ಯುತ್ತದೆ. ಸ್ಥಳೀಯ ಸರ್ಫರ್‌ಗಳು ಅದೇ ‘ಎಕ್ಸ್‌ಪ್ರೆಸ್’ ಹತ್ತಿ ಅಲೆ ಒಡೆಯುವ ಜಾಗದ ಆಚೆಗೆ ಸಲೀಸಾಗಿ ತಲುಪುತ್ತಾರೆ. ಅವರ ಬಳಿ ತೇಲುವ ಹಲಗೆ ಇದೆ, ಅದನ್ನು ಕಾಲಿಗೆ ಬಿಗಿದ ಹಗ್ಗ ಇದೆ, ಎಲ್ಲಿ ಇಳಿದುಕೊಳ್ಳಬೇಕೆಂಬ ಅರಿವಿದೆ. ಅವರು ಆಡುತ್ತಿರುವುದನ್ನು ನೋಡಿ ಆ ಜಾಗ ಎಲ್ಲರಿಗೂ ಸುರಕ್ಷಿತ ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. ಸರ್ಫಿಂಗ್ ವಿಡಿಯೋ ಇರುವ ಜಾಗ ಎಂದರೆ ಅಲೆ ಚೆನ್ನಾಗಿ ಒಡೆಯುವ ಜಾಗ. ಅಲೆ ಚೆನ್ನಾಗಿ ಒಡೆಯುವಲ್ಲಿ ನೀರು ವಾಪಸಾಗುವ ದಾರಿಯೂ ಇದ್ದೇ ಇರುತ್ತದೆ.

ನಮ್ಮ ಕರಾವಳಿಯಲ್ಲಿ

ಕರ್ನಾಟಕದಲ್ಲಿ ಇಂಥ ಜಾಗಗಳಿಗೆ ಕೊರತೆಯಿಲ್ಲ. ಗೋಕರ್ಣದಿಂದ ದಕ್ಷಿಣಕ್ಕೆ ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ದಂಡೆಗಳನ್ನು ಒಂದರಿಂದ ಒಂದನ್ನು ಬೇರ್ಪಡಿಸುವುದೇ ಕಡಲಿಗೆ ಚಾಚಿದ ಕಲ್ಲುಗುಡ್ಡಗಳು. ಕೊನೆಯ ಎರಡಕ್ಕೆ ನಡೆದು ಅಥವಾ ದೋಣಿಯಲ್ಲಿ ಹೋಗಬೇಕು, ಆದ್ದರಿಂದಲೇ ಜನ ಕಡಿಮೆ. ಮುರ್ಡೇಶ್ವರದ ಕಂದುಕಗಿರಿ ಮೂರು ಕಡೆ ಕಡಲು ಸುತ್ತುವರಿದ ಗುಡ್ಡ. ಕಾಪುವಿನಲ್ಲಿ 1901ರಲ್ಲಿ ಕಟ್ಟಿದ ದೀಪಸ್ತಂಭ ನಿಂತಿರುವುದು ದಂಡೆಯ ಅಂಚಿನ ಬಂಡೆಯ ಮೇಲೆ.

ಸರ್ಫಿಂಗ್ ಕೂಡ ನಮಗೆ ಹೊಸದಲ್ಲ. ಮೂಲ್ಕಿಯಲ್ಲಿ 2004ರಿಂದ ಸರ್ಫಿಂಗ್ ಕಲಿಸುತ್ತಿದ್ದಾರೆ, ಮಂಗಳೂರಿನ ಬಳಿಯ ಸಸಿಹಿತ್ಲುವಿನಲ್ಲಿ 2016ರಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆಯಿತು. ಟೋಕಿಯೊ ಒಲಿಂಪಿಕ್ಸ್‌ನಿಂದ ಇದು ಒಲಿಂಪಿಕ್ ಕ್ರೀಡೆಯೂ ಹೌದು. ಕಲಿಯುವ ಆಸೆಯಿದ್ದರೆ ಕಲಿಸುವವರು ಇದ್ದಾರೆ ಎಂಬುದಕ್ಕೆ ಇದನ್ನು ಹೇಳಿದೆವು. ಮೊದಲ ಪಾಠಕ್ಕೆ ನಿರ್ಜನ ಗುಡ್ಡದ ಬುಡ ಸರಿಯಾದ ಜಾಗವಲ್ಲ. ಶಿಕ್ಷಕರು ಹೊಸಬರನ್ನು ಸೊಂಟದಾಳದ ನೀರಿನಲ್ಲಿ, ಮರಳಿನ ಮೇಲೆ, ಒಡೆದು ಸೋತ ನೊರೆಯ ಅಲೆಯಲ್ಲಿ ಕಲಿಸುವುದು ಸುಮ್ಮನೆ ಅಲ್ಲ.

‘ಮಳೆಗಾಲದಲ್ಲಿ ಮಾತ್ರ ಅಪಾಯ, ಬೇಸಿಗೆಯಲ್ಲಿ ಏನೂ ಆಗಲ್ಲ’ ಎನ್ನುವವರಿದ್ದಾರೆ. ಮಳೆಗಾಲದಲ್ಲಿ ಕಡಲು ಅಬ್ಬರಿಸುವುದು ನಿಜ. ಆದರೆ ಆಗ ಅಪಾಯ ಕಣ್ಣಿಗೆ ಕಾಣುವುದರಿಂದ ಜನ ದೂರ ಉಳಿಯುತ್ತಾರೆ. ಬಿಸಿಲಿನ ದಿನ ಸಾಧಾರಣ ಅಲೆಗಳಿದ್ದರೂ ಸೆಳೆತ ಸಾಕಷ್ಟು ಬಲವಾಗಿರಬಲ್ಲದು, ನೀರಿಗಿಳಿಯುವವರೂ ಹೆಚ್ಚು. 2024ರ ಡಿಸೆಂಬರ್ 10ರಂದು ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಿಂದ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದಲ್ಲಿ ನೀರುಪಾಲಾದರು. ಆಗ ಮಳೆಗಾಲ ಮುಗಿದು ತಿಂಗಳುಗಳಾಗಿದ್ದವು. ಕಡಲನ್ನು ಜೀವನದಲ್ಲಿ ಮೊದಲ ಸಲ ನೋಡುವ ಬಯಲುಸೀಮೆಯ ಮಕ್ಕಳಿಗೆ ನೊರೆಯ ಅಲೆ ಹೆದರಿಕೆ ಹುಟ್ಟಿಸುತ್ತದೆ, ನುಣ್ಣನೆಯ ನೀರು ಊರ ಕೆರೆಯನ್ನು ನೆನಪಿಸುತ್ತದೆ. ಶಾಲಾ ಪ್ರವಾಸಕ್ಕೆ ಹೊರಡುವ ಮುನ್ನ ಹತ್ತು ನಿಮಿಷ ಈ ವಿಷಯ ಹೇಳಿಕೊಡುವುದು ಕಡ್ಡಾಯವಾಗಬೇಕು ಎಂಬುದು ನಮ್ಮ ಅಭಿಪ್ರಾಯ.

ಕೆಳಕ್ಕೆ ಎಳೆಯುತ್ತದೆಯೇ?

‘ಒಳಗಿನಿಂದ ಸುಳಿ ಕಾಲು ಹಿಡಿದು ಎಳೆಯುತ್ತದೆ’ ಎಂಬ ಮಾತು ಕೇಳದವರಿಲ್ಲ. ರಿಪ್ ಕರೆಂಟ್ ಕೆಳಕ್ಕೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ. ಸಾಮಾನ್ಯವಾಗಿ ಅದರ ವೇಗ ಸೆಕೆಂಡಿಗೆ ಅರ್ಧ ಮೀಟರಿನ ಆಸುಪಾಸು. ಕೆಲವೊಮ್ಮೆ ಎರಡೂವರೆ ಮೀಟರಿನವರೆಗೂ ಹೋಗುತ್ತದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಫ್ರೀಸ್ಟೈಲ್ ವಿಶ್ವದಾಖಲೆ ಬರೆದ ಚೀನಾದ ಪಾನ್ ಝಾನ್‌ಲೆ ತೆಗೆದುಕೊಂಡ ಸಮಯ 46.40 ಸೆಕೆಂಡ್, ಅಂದರೆ ಸೆಕೆಂಡಿಗೆ ಎರಡು ಮೀಟರಿಗಿಂತ ಸ್ವಲ್ಪ ಹೆಚ್ಚು. ಅಷ್ಟು ಬಲದ ಸೆಳೆತಕ್ಕೆ ಎದುರಾಗಿ ಅವರಿಗೂ ದಡ ಸೇರಲು ಆಗದು. ‘ನನಗೆ ಈಜು ಚೆನ್ನಾಗಿ ಬರುತ್ತೆ’ ಎನ್ನುವವರು ಈ ಲೆಕ್ಕ ಗಮನಿಸಬೇಕು. ಬಾವಿ, ಕೆರೆ, ಈಜುಕೊಳದಲ್ಲಿ ನೀರು ನಿಮ್ಮ ವಿರುದ್ಧ ಕೆಲಸ ಮಾಡುವುದಿಲ್ಲ.

ಮುಳುಗಿಸುವುದು ದಣಿವು ಮತ್ತು ಗಾಬರಿ. ದಡ ಇಪ್ಪತ್ತು ಮೀಟರ್ ದೂರದಲ್ಲೇ ಕಾಣುತ್ತಿರುತ್ತದೆ, ಮನೆಯವರು ಕೂಗುತ್ತಿರುತ್ತಾರೆ, ಮನುಷ್ಯ ನೇರ ದಡದತ್ತ ಕೈ ಬಡಿಯುತ್ತಾನೆ. ಐದು ನಿಮಿಷದಲ್ಲಿ ತೋಳು ಸೋಲುತ್ತದೆ.

ಹಾಗಾದರೆ ಏನು ಮಾಡಬೇಕು? ಹಳೆಯ ಸಲಹೆ: ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬನ್ನಿ. ಅಮೆರಿಕದ ವಿಜ್ಞಾನಿ ಜೇಮಿ ಮ್ಯಾಕ್‌ಮಹಾನ್ ಮತ್ತು ಸಂಗಡಿಗರು ಜಿಪಿಎಸ್ ಕಟ್ಟಿದ ತೇಲುವ ಸಾಧನಗಳನ್ನು ಸೆಳೆತಕ್ಕೆ ಬಿಟ್ಟು ನೋಡಿದಾಗ, ಹೆಚ್ಚಿನವು ನಡುಗಡಲಿಗೆ ಹೋಗದೆ ದೊಡ್ಡ ವೃತ್ತದಲ್ಲಿ ಸುತ್ತಿ ಮತ್ತೆ ಆಳವಿಲ್ಲದ ಕಡೆಗೇ ಬಂದವು. ಹಾಗಾಗಿ ‘ಸುಮ್ಮನೆ ತೇಲಿ, ತಾನೇ ವಾಪಸು ಬರುತ್ತೀರಿ’ ಎಂಬ ಹೊಸ ಸಲಹೆ ಹುಟ್ಟಿತು. ಎರಡೂ ಎಲ್ಲ ಸಲ ಕೆಲಸ ಮಾಡುವುದಿಲ್ಲ. ಆ ಪ್ರಯೋಗ ನಡೆದದ್ದು ಬಯಲು ಮರಳ ದಂಡೆಯಲ್ಲಿ. ಬಂಡೆಯ ಪಕ್ಕದ ಸೆಳೆತ ಹೆಚ್ಚು ದೂರ ಒಯ್ಯಬಲ್ಲದು. ಅಲ್ಲಿ ಸಮಾನಾಂತರವಾಗಿ ಈಜುವಾಗ ದಿಕ್ಕು ತಪ್ಪಿದರೆ ಅಲೆ ನಿಮ್ಮನ್ನು ಬಂಡೆಗೇ ಅಪ್ಪಳಿಸುತ್ತದೆ.

ಆದ್ದರಿಂದ ಭೂಶಿರದ ಬಳಿ ಸಿಕ್ಕಿಕೊಂಡರೆ ಮೊದಲು ಬೆನ್ನ ಮೇಲೆ ತೇಲಿ ಉಸಿರು ಹಿಡಿತಕ್ಕೆ ತಂದುಕೊಳ್ಳಿ. ಒಂದು ಕೈ ಎತ್ತಿ ಬೀಸಿ, ಕೂಗಿ. ಸೆಳೆತದ ವಿರುದ್ಧ ಹೋರಾಡಬೇಡಿ. ಶಕ್ತಿ ಇದ್ದರೆ ಬಂಡೆಯಿಂದ ದೂರ ಹೋಗುವ ದಿಕ್ಕಿನಲ್ಲಿ, ನೊರೆ ಎದ್ದು ಅಲೆ ಒಡೆಯುತ್ತಿರುವ ಕಡೆಗೆ, ನಿಧಾನವಾಗಿ ಸರಿಯಿರಿ. ಅಲೆ ಒಡೆಯುವಲ್ಲಿ ಆಳ ಕಡಿಮೆ, ಮತ್ತು ಆ ನೀರು ದಡದತ್ತ ತಳ್ಳುತ್ತದೆ. ಹೆದರಿಸಿದ ನೊರೆಯೇ ಆಗ ನೆರವಿಗೆ ಬರುತ್ತದೆ.

ದಡದಲ್ಲಿ ಇರುವವರಿಗೆ ಇನ್ನೂ ಕಷ್ಟದ ಮಾತು: ಹಿಂದೆಯೇ ಧುಮುಕಬೇಡಿ. ‘ಕಡಲು ಒಬ್ಬರನ್ನೇ ತೆಗೆದುಕೊಳ್ಳುವುದಿಲ್ಲ’ ಎಂದು ಜನ ಹೇಳುವುದುಂಟು. ಅದರ ಹಿಂದೆ ಯಾವ ಶಾಪವೂ ಇಲ್ಲ. ಮಗುವಿನ ಹಿಂದೆ ಅಪ್ಪ, ಅಪ್ಪನ ಹಿಂದೆ ಚಿಕ್ಕಪ್ಪ ಅದೇ ಸೆಳೆತಕ್ಕೆ ಇಳಿಯುತ್ತಾರೆ, ಅಷ್ಟೆ. ಖಾಲಿ ನೀರಿನ ಕ್ಯಾನು, ಮುಚ್ಚಳ ಬಿಗಿದ ಪ್ಲಾಸ್ಟಿಕ್ ಡಬ್ಬ, ಚೆಂಡು, ಹಗ್ಗ ಕಟ್ಟಿದ ಟ್ಯೂಬು, ತೇಲುವಂಥದ್ದು ಏನಿದ್ದರೂ ಎಸೆಯಿರಿ. ಹತ್ತಿರದಲ್ಲಿ ಸರ್ಫರ್ ಅಥವಾ ಮೀನುಗಾರರು ಇದ್ದರೆ ಅವರನ್ನು ಕೂಗಿ. ಕೈಯಲ್ಲಿ ಹಲಗೆ ಇರುವವನು ಆ ಕ್ಷಣದಲ್ಲಿ ಅತ್ಯುತ್ತಮ ರಕ್ಷಕ. ಆಸ್ಟ್ರೇಲಿಯಾದಲ್ಲಿ ಜೀವರಕ್ಷಕರಿಲ್ಲದ ದಂಡೆಗಳಲ್ಲಿ ಎಷ್ಟೋ ಜನರನ್ನು ಉಳಿಸುವುದು ಸರ್ಫರ್‌ಗಳೇ. ನಿರ್ಜನ ದಂಡೆಯಲ್ಲಿ ಇಲ್ಲದಿರುವುದು ಈ ಎರಡನೇ ಜೋಡಿ ಕಣ್ಣು. ಜನರಿಲ್ಲ ಎನ್ನುವುದೇ ಅಲ್ಲಿನ ಆಕರ್ಷಣೆ, ಅದೇ ಅಲ್ಲಿನ ತೊಂದರೆ.

ಉಪ್ಪಿನ ಫಾರ್ವರ್ಡ್

ಮುಳುಗಿದವರ ಬಗ್ಗೆ ಬರೆಯುವಾಗ ಒಂದು ಹಳೆಯ ಸಂದೇಶದ ಬಗ್ಗೆ ಹೇಳದೆ ಮುಂದೆ ಹೋಗಲಾಗದು. ‘ನೀರಿನಲ್ಲಿ ಮುಳುಗಿ ಸತ್ತವರನ್ನು ಕೆಲವು ಗಂಟೆಗಳೊಳಗೆ ಉಪ್ಪಿನ ರಾಶಿಯಲ್ಲಿ ಮಲಗಿಸಿದರೆ ಉಪ್ಪು ನೀರನ್ನೆಲ್ಲ ಹೀರಿ ಜೀವ ಬರುತ್ತದೆ’ ಎಂಬುದು ಅದರ ಸಾರ. 2022ರ ಸೆಪ್ಟೆಂಬರಿನಲ್ಲಿ ಬಳ್ಳಾರಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಇದನ್ನು ನಂಬಿ, ಮುಳುಗಿದ ಬಾಲಕನ ದೇಹವನ್ನು ಮನೆಯವರು ಗಂಟೆಗಟ್ಟಲೆ ಉಪ್ಪಿನಲ್ಲಿ ಹೂತಿಟ್ಟು ಕಾದರು. ಆ ಕಾಯುವಿಕೆಯನ್ನು ನೆನೆದರೆ ಸಂಕಟವಾಗುತ್ತದೆ.

ಮುಳುಗಿದವರಿಗೆ ಆಗುವ ಹಾನಿ ಆಮ್ಲಜನಕ ಸಿಗದೆ ಆಗುವಂಥದ್ದು. ಕೆಲವೇ ನಿಮಿಷಗಳಲ್ಲಿ ಮೆದುಳು ಸೋಲತೊಡಗುತ್ತದೆ. ಚರ್ಮದ ಮೇಲೆ ಹಾಕಿದ ಉಪ್ಪು ಶ್ವಾಸಕೋಶದೊಳಗಿನ ನೀರನ್ನು ಎಳೆಯುವುದಿಲ್ಲ, ಎಳೆದರೂ ಹೋದ ಆಮ್ಲಜನಕ ವಾಪಸು ಬರುವುದಿಲ್ಲ. ತಲೆಕೆಳಗಾಗಿ ಹಿಡಿಯುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ಕೂಡ ಬೇಡ. ಅಮೂಲ್ಯ ನಿಮಿಷಗಳು ಹಾಳಾಗುತ್ತವೆ, ವಾಂತಿಯಾಗಿ ಅದು ಶ್ವಾಸನಾಳಕ್ಕೆ ಹೋಗಬಹುದು.

ಮೇಲೆ ತಂದವರು ಉಸಿರಾಡುತ್ತಿಲ್ಲ, ಕರೆದರೆ ಓಗೊಡುತ್ತಿಲ್ಲ ಎಂದಾದರೆ ಒಬ್ಬರು 112 ಅಥವಾ 108ಕ್ಕೆ ಕರೆ ಮಾಡಬೇಕು. ಇನ್ನೊಬ್ಬರು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಗಲ್ಲ ಮೇಲೆತ್ತಿ, ಮೂಗು ಹಿಡಿದು ಬಾಯಿಗೆ ಬಾಯಿಟ್ಟು ಎರಡು ಸಲ ಉಸಿರು ತುಂಬಬೇಕು. ನಂತರ ಎದೆಯ ನಡುವೆ ಎರಡೂ ಅಂಗೈ ಇಟ್ಟು 30 ಸಲ ಒತ್ತಬೇಕು. ದೊಡ್ಡವರಿಗಾದರೆ 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ. ಮತ್ತೆ ಎರಡು ಉಸಿರು, ಮತ್ತೆ 30. ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬೇಡಿ. ಹೃದಯಾಘಾತದಲ್ಲಿ ಎದೆ ಒತ್ತುವುದಷ್ಟೇ ಸಾಕು ಎಂದು ನೀವು ಓದಿರಬಹುದು. ಮುಳುಗಿದವರ ವಿಷಯದಲ್ಲಿ ಉಸಿರು ಕೊಡುವುದು ಮುಖ್ಯ. ಬಾಯಿಂದ ಉಸಿರು ಕೊಡಲು ಬಾರದಿದ್ದರೆ ಎದೆ ಒತ್ತುವುದನ್ನಾದರೂ ಮಾಡಿ. ಎಚ್ಚರವಾಗಿದ್ದು ಕೆಮ್ಮುತ್ತಿದ್ದರೂ, ಉಸಿರಿಗೆ ಕಷ್ಟಪಡುತ್ತಿದ್ದರೂ ಆಸ್ಪತ್ರೆಗೆ ಕರೆದೊಯ್ಯಲೇಬೇಕು.

ಹೋಗುವುದೇ ಆದರೆ

ಅಂಥ ಜಾಗಕ್ಕೆ ಹೋಗಬೇಡಿ ಎಂದು ನಾವು ಹೇಳುತ್ತಿಲ್ಲ. ಗುಡ್ಡ ಇಳಿಯುವ ಮುನ್ನ ಮೇಲೆಯೇ ಕುಳಿತು ಇಪ್ಪತ್ತು ನಿಮಿಷ ಕಡಲು ನೋಡಿ. ಇಪ್ಪತ್ತು ನಿಮಿಷ ಏಕೆಂದರೆ ಅಲೆಗಳು ಗುಂಪುಗುಂಪಾಗಿ ಬರುತ್ತವೆ. ಚಿಕ್ಕ ಅಲೆಗಳ ಬಿಡುವಿನಲ್ಲಿ ಬಂದು ನಿಂತವರಿಗೆ ಕಡಲು ಸಾಧು ಎನಿಸುತ್ತದೆ, ಹತ್ತು ನಿಮಿಷದ ಮೇಲೆ ದೊಡ್ಡ ಗುಂಪು ಬರುತ್ತದೆ. ‘ಏಳನೆಯದೇ ದೊಡ್ಡ ಅಲೆ’ ಎಂದು ಎಣಿಸುತ್ತ ಕೂರಬೇಡಿ, ಅಂಥ ಖಚಿತ ಸಂಖ್ಯೆ ಇಲ್ಲ. ಮೇಲಿನಿಂದ ನೋಡಿದರೆ ದಡದಲ್ಲಿ ಕಾಣದ್ದು ಕಾಣುತ್ತದೆ: ನೊರೆಯ ಸಾಲಿನ ನಡುವೆ ಕಡು ಬಣ್ಣದ ಓಣಿ, ಅದರಲ್ಲಿ ಹೊರಗೆ ತೇಲಿಹೋಗುತ್ತಿರುವ ನೊರೆ, ಎಲೆ, ಕಲಕಿದ ಮರಳು. ಆ ಓಣಿ ನಿಮಗಲ್ಲ.

ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಎತ್ತರದ ಅಲೆ ಮತ್ತು ದೂರದಿಂದ ಬರುವ ಉಬ್ಬರದ ಅಲೆಗಳ ಬಗ್ಗೆ ಕರಾವಳಿಗೆ ಮುನ್ನೆಚ್ಚರಿಕೆ ಕೊಡುತ್ತದೆ. ಕೇರಳದಲ್ಲಿ ‘ಕಳ್ಳಕ್ಕಡಲ್’ ಎನ್ನುವ, ಗಾಳಿಮಳೆಯ ಸುಳಿವೇ ಇಲ್ಲದೆ ಕಡಲು ಉಕ್ಕುವ ವಿದ್ಯಮಾನವೂ ಇದರಲ್ಲಿ ಸೇರಿದೆ. ಹೊರಡುವ ದಿನ ಅದನ್ನು ನೋಡಿಕೊಳ್ಳಿ. ಅದಕ್ಕಿಂತ ಸುಲಭದ್ದು ದಡದಲ್ಲಿ ಬಲೆ ನೇಯುತ್ತಿರುವವರನ್ನು ಕೇಳುವುದು. ‘ಇಲ್ಲಿ ಇಳಿಯಬಹುದಾ ಅಣ್ಣಾ?’ ಎಂದರೆ ಎಲ್ಲಿ ಇಳಿಯಬೇಕು, ಎಲ್ಲಿ ಬೇಡ ಎಂದು ಬೆರಳು ತೋರಿಸಿ ಹೇಳುತ್ತಾರೆ.

ಇನ್ನು ಫೋನಿನ ವಿಷಯ. ಗುಡ್ಡದ ಮರೆಯ ಎಷ್ಟೋ ದಂಡೆಗಳಲ್ಲಿ ಸಿಗ್ನಲ್ ಸಿಗುವುದಿಲ್ಲ. ಇಳಿಯುವಾಗ ಯಾವ ತಿರುವಿನವರೆಗೆ ಸಿಗ್ನಲ್ ಇತ್ತು ಎಂದು ಗುರುತಿಟ್ಟುಕೊಳ್ಳಿ, ಕರೆ ಮಾಡಬೇಕಾದರೆ ಒಬ್ಬರು ಓಡಬೇಕಾದದ್ದು ಅಲ್ಲಿಗೆ. ಕರೆ ಮಾಡಿದಾಗ ಬೀಚಿನ ಹೆಸರಷ್ಟೇ ಹೇಳಿದರೆ ಸಾಲದು. ಓಂ ಬೀಚ್ ಎಂದರೆ ಎರಡು ಬಾಗು, ನಡುವೆ ಬಂಡೆ. ಬಂಡೆಯ ಯಾವ ಬದಿ ಎಂದೂ ಹೇಳಿ.